ಕೋವಿ ದಿಲ್ಲಿಯದು, ಜಾತ್ರೆ ಬೆಂಗಳೂರಿನದು, ದೇವರಕಾಡು ಯಾರದು?

ಸೆಪ್ಟೆಂಬರ್ ಮೊದಲ ವಾರ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದ್ ಬಂತೆಂದರೆ ಕೊಡಗಿನ ಐನ್‌ಮನೆಗಳಲ್ಲಿ (ಕುಲದ ಮೂಲಮನೆಗಳಲ್ಲಿ) ಕೋವಿಗಳು ಹೊರಗೆ ಬರುತ್ತವೆ. ಚೆನ್ನಾಗಿ ಒರೆಸಿ, ನಳಿಗೆಗೆ ತೋಕ್ ಪೂ ಅನ್ನುವ ಹೂ ಸಿಕ್ಕಿಸಿ, ನೆಲ್ಲಕ್ಕಿ ನಡುಬಾಡೆಯಲ್ಲಿ (ಮನೆಯ ನಡುಕೋಣೆಯಲ್ಲಿ) ದೀಪದ ಮುಂದೆ ಸಾಲಾಗಿ ಇಟ್ಟು ಪೂಜೆ ಮಾಡುತ್ತಾರೆ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸುವ ರೂಢಿಯೂ ಇದೆ.

ಈಗ ಸುಮ್ನೆ ಒಂದು ಊಹೆ ಮಾಡಿ. ಕರ್ನಾಟಕ ವಿಧಾನಸಭೆಯ 224 ಸದಸ್ಯರೂ ಒಂದಾಗಿ, ಕೊಡವರು ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುವ ವಿನಾಯಿತಿ ಇನ್ನು ಬೇಡ ಅಂತ ಕಾಯ್ದೆ ಮಾಡಿದರು ಎಂದಿಟ್ಟುಕೊಳ್ಳಿ. ಅದು ನಿಲ್ಲುವುದಿಲ್ಲ. ಧಾರ್ಮಿಕ ಸ್ವಾತಂತ್ರ್ಯಕ್ಕೆ ಧಕ್ಕೆ ಬಂತು ಅನ್ನುವ ಕಾರಣಕ್ಕಲ್ಲ. ಆಯುಧ ರಾಜ್ಯದ ವಿಷಯವೇ ಅಲ್ಲ. ಸಂವಿಧಾನದ ಏಳನೇ ಅನುಸೂಚಿಯಲ್ಲಿ ಕೇಂದ್ರಪಟ್ಟಿಯ 5ನೇ ನಮೂದು ಅದನ್ನು ಸಂಸತ್ತಿಗೆ ಕೊಟ್ಟುಬಿಟ್ಟಿದೆ.

ಹಾಗಾದರೆ ಸಂಸತ್ತು ಅಥವಾ ಕೇಂದ್ರ ಸರ್ಕಾರ ಅದನ್ನು ತೆಗೆದುಹಾಕಬಹುದಾ? ಅದು ಬೇರೆಯೇ ಪ್ರಶ್ನೆ. ಮತಾಂತರ ಕಾಯ್ದೆ, ದೇವಸ್ಥಾನದ ಹುಂಡಿ, ವಕ್ಫ್ ತಿದ್ದುಪಡಿ, ಹಿಜಾಬ್ ಹೀಗೆ ಯಾವ ವಿಷಯ ಬಂದರೂ ನಮ್ಮ ಚರ್ಚೆಗಳಲ್ಲಿ ಈ ಎರಡು ಪ್ರಶ್ನೆಗಳು ಕಲಸಿಹೋಗುತ್ತವೆ. ಕಾನೂನು ಮಾಡುವ ಅಧಿಕಾರ ಯಾರಿಗಿದೆ ಅನ್ನೋದು ಒಂದು. ಅಧಿಕಾರ ಇರುವವರು ಎಲ್ಲಿಯ ತನಕ ಹೋಗಬಹುದು ಅನ್ನೋದು ಇನ್ನೊಂದು. ಕೊಡಗಿನಲ್ಲಿ ತೋಟ ಇರುವವರಿಗೆ ಇದು ಬೇಗ ಅರ್ಥವಾಗುತ್ತದೆ. ತೋಟ ಯಾರದು ಅಂತ ಬೇಲಿ ಹೇಳುತ್ತದೆ. ಆದರೆ ತೋಟದ ಮಧ್ಯೆ ಪಕ್ಕದ ಮನೆಯವರಿಗೆ ದಾರಿ ಹಕ್ಕು ಇದ್ದರೆ, ಬೇಲಿ ನನ್ನದು ಅಂತ ಗೇಟಿಗೆ ಬೀಗ ಜಡಿಯೋಕೆ ಆಗಲ್ಲ. ಏಳನೇ ಅನುಸೂಚಿಯ ಮೂರು ಪಟ್ಟಿಗಳು (ಕೇಂದ್ರದ್ದು, ರಾಜ್ಯದ್ದು, ಇಬ್ಬರೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿ) ಬೇಲಿ. ಮೂಲಭೂತ ಹಕ್ಕುಗಳು ಆ ದಾರಿ.

ಆದ್ದರಿಂದ 'ರಾಜ್ಯದ ಹಕ್ಕು' ಅನ್ನೋದು ದಿಲ್ಲಿಯ ಮುಂದೆ ಹೇಳುವ ಮಾತು. ನಾಗರಿಕನ ಮುಂದೆ ಅದು ನಡೆಯುವುದಿಲ್ಲ. ನಾಗರಿಕನ ಧಾರ್ಮಿಕ ಸ್ವಾತಂತ್ರ್ಯವಾದರೋ ದಿಲ್ಲಿ, ಬೆಂಗಳೂರು ಎರಡಕ್ಕೂ ಒಂದೇ ಲೆಕ್ಕದಲ್ಲಿ ಅಡ್ಡ ನಿಲ್ಲುತ್ತದೆ.

ಕೋವಿಯ ವಿಷಯವನ್ನೇ ಮುಗಿಸೋಣ. 1959ರ ಆಯುಧ ಕಾಯ್ದೆಯ 41ನೇ ಸೆಕ್ಷನ್ ವಿನಾಯಿತಿ ಕೊಡುವ ಅಧಿಕಾರವನ್ನು ಕೇಂದ್ರಕ್ಕೆ ಕೊಟ್ಟಿದೆ. ಕೊಡವರಿಗೂ, ಯಾವುದೇ ಸಮುದಾಯದ ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಇದ್ದ ವಿನಾಯಿತಿ ಅದರಡಿ ಮುಂದುವರಿದಿದೆ. 2019ರಲ್ಲಿ ಹತ್ತು ವರ್ಷಕ್ಕೆ, ಅಂದರೆ 2029ರ ಅಕ್ಟೋಬರ್ ತನಕ ಅಧಿಸೂಚನೆ ಹೊರಟಿತು. ಇದು ತಾರತಮ್ಯ ಅಂತ ಸಲ್ಲಿಸಿದ್ದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರ ಸೆಪ್ಟೆಂಬರ್‌ನಲ್ಲಿ ವಜಾ ಮಾಡಿತು. ಊರಿನಲ್ಲಿ ಆಗ ಸಂಭ್ರಮ. ಆದರೆ ಒಂದು ವ್ಯತ್ಯಾಸ ನೆನಪಿರಲಿ. ಸಿಖ್ಖರ ಕಿರ್ಪಾಣ್ ಸಂವಿಧಾನದ 25ನೇ ವಿಧಿಯ ವಿವರಣೆಯಲ್ಲೇ ಬರೆದಿದೆ. ಅದನ್ನು ತೆಗೆಯಬೇಕಾದರೆ ಸಂವಿಧಾನ ತಿದ್ದುಪಡಿಯೇ ಆಗಬೇಕು. ಕೊಡವರ ಕೋವಿ ನಿಂತಿರುವುದು ಒಂದು ಅಧಿಸೂಚನೆಯ ಮೇಲೆ. ನಡುಬಾಡೆಯಲ್ಲಿ ಎಷ್ಟೇ ಭಕ್ತಿಯಿಂದ ಪೂಜೆ ಮಾಡಿದರೂ, 2029ರಲ್ಲಿ ನವೀಕರಣ ಆಗದಿದ್ದರೆ 25ನೇ ವಿಧಿಯೊಂದನ್ನೇ ಹಿಡಿದು ಕೋರ್ಟಿನಲ್ಲಿ ಗೆಲ್ಲುವುದು ಕಷ್ಟ ಅಂತ ನನಗನಿಸುತ್ತದೆ.

ಇನ್ನು 'ಧರ್ಮ' ಅನ್ನುವ ವಿಷಯ ಯಾವ ಪಟ್ಟಿಯಲ್ಲಿದೆ ಅಂತ ಹುಡುಕಿದರೆ, ಇಡಿಯಾಗಿ ಎಲ್ಲೂ ಇಲ್ಲ. ಚೂರುಚೂರಾಗಿ ಹರಡಿಕೊಂಡಿದೆ. ದೇಶದೊಳಗಿನ ತೀರ್ಥಯಾತ್ರೆ ರಾಜ್ಯಪಟ್ಟಿಯ 7ನೇ ನಮೂದು. ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಬರುವ ಜನರಿಗೆ ಬಸ್ಸು, ಬ್ಯಾರಿಕೇಡು, ನೀರು, ಪೊಲೀಸು, ಎಲ್ಲವೂ ರಾಜ್ಯದ ತಲೆನೋವು. ಅದೇ ಯಾತ್ರೆ ಮೆಕ್ಕಾಕ್ಕೋ ಮಾನಸ ಸರೋವರಕ್ಕೋ ಆದರೆ ಕೇಂದ್ರದ್ದು. ಸ್ಮಶಾನ ರಾಜ್ಯದ್ದು. ಮದುವೆ, ವಿಚ್ಛೇದನ, ದತ್ತು ಸಮವರ್ತಿ ಪಟ್ಟಿಯಲ್ಲಿ. ಧಾರ್ಮಿಕ ದತ್ತಿ ಮತ್ತು ಧಾರ್ಮಿಕ ಸಂಸ್ಥೆಗಳೂ ಸಮವರ್ತಿ ಪಟ್ಟಿಯ 28ನೇ ನಮೂದಿನಲ್ಲಿ. ಅದಕ್ಕೇ ಮುಜರಾಯಿ ಕಾಯ್ದೆಯನ್ನು ವಿಧಾನಸಭೆ ಮಾಡುತ್ತದೆ, ವಕ್ಫ್ ಕಾಯ್ದೆಯನ್ನು ಸಂಸತ್ತು ಮಾಡುತ್ತದೆ. ಎರಡರಲ್ಲೂ 'ನಿಮಗೆ ಅಧಿಕಾರವೇ ಇಲ್ಲ' ಅನ್ನುವ ವಾದ ಹೆಚ್ಚು ದೂರ ಹೋಗಲ್ಲ.

ಮತಾಂತರದ ವಿಷಯ ಬಂದಾಗ ಮಾತ್ರ ಈ ಬೇಲಿಯ ಜಗಳ ನಿಜವಾಗಿಯೂ ನಡೆದಿತ್ತು. ಒಡಿಶಾ 1967ರಲ್ಲಿ, ಮಧ್ಯಪ್ರದೇಶ 1968ರಲ್ಲಿ ಬಲವಂತದ ಮತಾಂತರದ ವಿರುದ್ಧ ಕಾಯ್ದೆ ಮಾಡಿದವು. ಒಡಿಶಾ ಹೈಕೋರ್ಟ್ 1972ರಲ್ಲಿ, ಧರ್ಮ ಯಾವ ಪಟ್ಟಿಯಲ್ಲೂ ಇಲ್ಲ, ಪಟ್ಟಿಯಲ್ಲಿಲ್ಲದ್ದು ಕೇಂದ್ರಕ್ಕೆ ಸೇರುತ್ತದೆ, ಆದ್ದರಿಂದ ರಾಜ್ಯಕ್ಕೆ ಅಧಿಕಾರವಿಲ್ಲ ಅಂತ ಕಾಯ್ದೆಯನ್ನು ಹೊಡೆದುಹಾಕಿತು. ಮಧ್ಯಪ್ರದೇಶದ ಹೈಕೋರ್ಟ್ ಉಲ್ಟಾ ಹೇಳಿತು. 1977ರ ಜನವರಿಯಲ್ಲಿ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರ ಪೀಠ ಎರಡೂ ಕಾಯ್ದೆಗಳನ್ನು ಉಳಿಸಿತು. ಬಲವಂತದ ಮತಾಂತರದಿಂದ ಸಮಾಜದಲ್ಲಿ ಶಾಂತಿ ಕೆಡಬಹುದು, ಸಾರ್ವಜನಿಕ ಸುವ್ಯವಸ್ಥೆ ರಾಜ್ಯಪಟ್ಟಿಯ ಮೊದಲ ನಮೂದು, ಹಾಗಾಗಿ ರಾಜ್ಯ ಕಾನೂನು ಮಾಡಬಹುದು ಎಂದಿತು. ಧರ್ಮ ಪ್ರಚಾರ ಮಾಡುವ ಹಕ್ಕಿನಲ್ಲಿ ಇನ್ನೊಬ್ಬರನ್ನು ಮತಾಂತರ ಮಾಡುವ ಹಕ್ಕು ಸೇರಿಲ್ಲ ಅಂತಲೂ ಹೇಳಿತು.

ಈ ತೀರ್ಪನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಆದರೆ ಅದರ ತರ್ಕದೊಳಗೇ ಒಂದು ಮಿತಿ ಇದೆ, ಅದನ್ನು ನೋಡುವವರು ಕಡಿಮೆ. ರಾಜ್ಯಕ್ಕೆ ಅಧಿಕಾರ ಬಂದಿದ್ದು 'ಸಾರ್ವಜನಿಕ ಸುವ್ಯವಸ್ಥೆ' ಅನ್ನುವ ಬಾಗಿಲಿನಿಂದ. ಹಾಗಿದ್ದ ಮೇಲೆ ಸುವ್ಯವಸ್ಥೆಗೆ ಸಂಬಂಧವೇ ಇಲ್ಲದ ಕಡೆ ಆ ಅಧಿಕಾರ ಕೈ ಹಾಕಬಾರದು, ಅಲ್ವಾ?

ಕರ್ನಾಟಕದ 2022ರ ಕಾಯ್ದೆಯನ್ನು ಈ ಕಣ್ಣಿನಿಂದ ಓದಿ. ಒತ್ತಾಯ, ಮೋಸ, ಆಮಿಷ ಬೇಡ ಅನ್ನುವ ಭಾಗಕ್ಕೆ 1977ರ ತೀರ್ಪಿನ ಬೆಂಬಲ ಇದೆ. ಅದು ಅಲ್ಲಿಗೇ ನಿಲ್ಲುವುದಿಲ್ಲ. ಮತ ಬದಲಿಸಬೇಕು ಅನ್ನುವವರು ಮೂವತ್ತು ದಿನ ಮೊದಲೇ ಜಿಲ್ಲಾಧಿಕಾರಿಗೆ ತಿಳಿಸಬೇಕು. ಆ ಮಾಹಿತಿಯನ್ನು ಜಿಲ್ಲಾಧಿಕಾರಿ ಕಚೇರಿಯ ಮತ್ತು ತಹಶೀಲ್ದಾರ್ ಕಚೇರಿಯ ನೋಟಿಸ್ ಬೋರ್ಡಿಗೆ ಹಾಕಿ ಆಕ್ಷೇಪಣೆ ಕರೆಯಬೇಕು. ಆಕ್ಷೇಪಣೆ ಬಂದರೆ ವಿಚಾರಣೆ. ತಪ್ಪು ಮಾಡಿಲ್ಲ ಅಂತ ಸಾಬೀತು ಮಾಡುವ ಹೊರೆ ಆರೋಪಿಯ ಮೇಲೆ. ಆದರೆ ಮೊದಲಿನ ಧರ್ಮಕ್ಕೆ ಮರಳಿದರೆ ಅದು ಮತಾಂತರವೇ ಅಲ್ಲ.

ಸಿದ್ದಾಪುರದ ಕಡೆ ಒಂದು ತೋಟದ ಲೈನ್ ಮನೆಯಲ್ಲಿರುವ ಕೆಲಸದ ಹೆಂಗಸನ್ನು ಊಹಿಸಿಕೊಳ್ಳಿ. ಅವಳಿಗೆ ಚರ್ಚಿಗೆ ಸೇರಬೇಕು ಅಂತ ಮನಸ್ಸು. ಯಾರೂ ಹೇಳಿಕೊಟ್ಟಿಲ್ಲ, ಯಾರೂ ದುಡ್ಡು ಕೊಟ್ಟಿಲ್ಲ. ಅವಳ ಹೆಸರು ತಹಶೀಲ್ದಾರ್ ಕಚೇರಿಯ ಬೋರ್ಡಿಗೆ ಬಂದ ದಿನವೇ ತೋಟದ ರೈಟರಿಗೆ ಗೊತ್ತಾಗುತ್ತದೆ, ಅಂಗಡಿಯವನಿಗೆ ಗೊತ್ತಾಗುತ್ತದೆ. ಬೆಂಗಳೂರಲ್ಲಾದರೆ ಬೋರ್ಡು ಯಾರೂ ಓದಲ್ಲ. ಇಲ್ಲಿ ಓದುತ್ತಾರೆ. ಅವಳ ಮನಸ್ಸು ಬದಲಾಗಿದ್ದರಿಂದ ಊರಿನ ಶಾಂತಿ ಕೆಟ್ಟಿರಲಿಲ್ಲ. ಬೋರ್ಡಿಗೆ ಹಾಕಿದ ಮೇಲೆ ಕೆಡಬಹುದು. ಸುವ್ಯವಸ್ಥೆಯ ಹೆಸರಿನ ಅಧಿಕಾರ ಅವ್ಯವಸ್ಥೆಗೇ ದಾರಿ ಮಾಡಿದರೆ ಅದರ ಆಧಾರವೇ ಅಲುಗಾಡುತ್ತದೆ ಅನ್ನೋದು ನನ್ನ ವಾದ.

ನಾನೊಬ್ಬನೇ ಹೀಗೆ ಹೇಳುತ್ತಿಲ್ಲ. ಹಿಮಾಚಲ ಪ್ರದೇಶದ 2006ರ ಕಾಯ್ದೆಯಲ್ಲಿದ್ದ ಇಂಥದ್ದೇ ಮುಂಗಡ ನೋಟಿಸ್ ಸೆಕ್ಷನ್ನನ್ನು ಅಲ್ಲಿನ ಹೈಕೋರ್ಟ್ 2012ರಲ್ಲಿ ರದ್ದು ಮಾಡಿತು. ತನ್ನ ನಂಬಿಕೆಯನ್ನು ಗುಟ್ಟಾಗಿ ಇಟ್ಟುಕೊಳ್ಳುವ ಹಕ್ಕೂ ಮನುಷ್ಯನಿಗಿದೆ ಅನ್ನೋದು ಅದರ ತಿರುಳು. 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದ ಮೇಲೆ ಈ ವಾದಕ್ಕೆ ಬಲ ಜಾಸ್ತಿಯಾಗಿದೆ. 1977ರ ಪೀಠದ ಮುಂದೆ ಆ ಹಕ್ಕು ಇರಲಿಲ್ಲ. ಗುಜರಾತ್ ಹೈಕೋರ್ಟ್ 2021ರಲ್ಲಿ ಅಲ್ಲಿನ ಕಾಯ್ದೆಯ ಕೆಲವು ಸೆಕ್ಷನ್‌ಗಳನ್ನು ಅಂತರ್ಧರ್ಮೀಯ ಮದುವೆಗಳಿಗೆ ಅನ್ವಯಿಸದಂತೆ ತಡೆಹಿಡಿಯಿತು.

ಕರ್ನಾಟಕದಲ್ಲಿ 2023ರ ಜೂನ್‌ನಲ್ಲಿ ಹೊಸ ಸರ್ಕಾರದ ಸಂಪುಟ ಕಾಯ್ದೆ ರದ್ದು ಮಾಡುವ ತೀರ್ಮಾನ ತೆಗೆದುಕೊಂಡಿತು. ಕಾಯ್ದೆ ಹೋಯಿತು ಅಂತ ಆವತ್ತೇ ಸಿಹಿ ಹಂಚಿದವರೂ ಇದ್ದರು, ಬೈದವರೂ ಇದ್ದರು. ಸಂಪುಟ ತೀರ್ಮಾನಿಸಿದ ಮಾತ್ರಕ್ಕೆ ಯಾವ ಕಾಯ್ದೆಯೂ ಬಿದ್ದುಹೋಗುವುದಿಲ್ಲ. ರದ್ದತಿ ಮಸೂದೆ ಎರಡೂ ಸದನ ದಾಟಬೇಕು, ಅದಕ್ಕೆ ರಾಜ್ಯಪಾಲರ ಅಂಕಿತ ಬೀಳಬೇಕು.

ದುಡ್ಡಿನ ವಿಷಯಕ್ಕೆ ಬಂದರೆ ಕಥೆ ಇನ್ನೂ ಹಳೆಯದು. ಕೊಡಗಿಗೆ ತನ್ನದೇ ದೇವಸ್ಥಾನ ಕಾಯ್ದೆ ಇತ್ತು, 1956ರ ಕೂರ್ಗ್ ದೇವಸ್ಥಾನ ನಿಧಿ ನಿರ್ವಹಣಾ ಕಾಯ್ದೆ. ಆಗ ಕೊಡಗು ಕೇಂದ್ರದ ಮೇಲ್ವಿಚಾರಣೆಯಲ್ಲಿದ್ದ 'ಸಿ' ವರ್ಗದ ರಾಜ್ಯ. 24 ಸದಸ್ಯರ ವಿಧಾನಸಭೆ, ಮುಖ್ಯಮಂತ್ರಿ ಸಿ.ಎಂ. ಪೂಣಚ್ಚ. ಅದೇ ವರ್ಷದ ನವೆಂಬರ್ 1ಕ್ಕೆ ಕೊಡಗು ಮೈಸೂರು ರಾಜ್ಯದಲ್ಲಿ ಸೇರಿತು. ರಾಜ್ಯ ಹೋದರೂ ಕಾಯ್ದೆ ದಶಕಗಳ ಕಾಲ ಉಳಿಯಿತು. ರಾಜ್ಯದ ಬೇರೆ ಬೇರೆ ಭಾಗಗಳಲ್ಲಿದ್ದ ಬೇರೆ ಬೇರೆ ಕಾಯ್ದೆಗಳನ್ನು ಒಂದು ಮಾಡಲು 1997ರ ಮುಜರಾಯಿ ಕಾಯ್ದೆ ಬಂತು. ಮಡಿಕೇರಿಯ ಓಂಕಾರೇಶ್ವರ, ಭಾಗಮಂಡಲ, ತಲಕಾವೇರಿ ಈಗ ಅದರಡಿ. 2006ರಲ್ಲಿ ಹೈಕೋರ್ಟ್ ಆ ಕಾಯ್ದೆಯನ್ನು ತಾರತಮ್ಯದ ಕಾರಣಕ್ಕೆ ಅಸಿಂಧು ಎಂದಿತು. ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಆಮೇಲೆ ತಿದ್ದುಪಡಿಗಳ ಸಾಲು.

2024ರ ಫೆಬ್ರುವರಿಯ ತಿದ್ದುಪಡಿ ಮಸೂದೆ ನಿಮಗೆ ನೆನಪಿರಬಹುದು. 10 ಲಕ್ಷದಿಂದ 1 ಕೋಟಿ ರೂಪಾಯಿ ತನಕ ಆದಾಯ ಇರುವ ದೇವಸ್ಥಾನಗಳಿಂದ ಶೇ 5, ಅದಕ್ಕಿಂತ ಮೇಲಿದ್ದರೆ ಶೇ 10 ದೇವಸ್ಥಾನಗಳಿಗೆಂದೇ ಇರುವ ಸಾಮಾನ್ಯ ನಿಧಿಗೆ. ವಿಧಾನ ಪರಿಷತ್ತಿನಲ್ಲಿ ಬಿತ್ತು, ಮತ್ತೆ ಬಂದು ಪಾಸಾಯಿತು, ರಾಜ್ಯಪಾಲರು ಸ್ಪಷ್ಟನೆ ಕೇಳಿ ವಾಪಸ್ ಕಳಿಸಿದರು. ಟಿವಿಯಲ್ಲಿ 'ಹಿಂದೂಗಳ ದುಡ್ಡು' ಅಂತ ಒಂದು ಕಡೆ, 'ಬಡ ದೇವಸ್ಥಾನಗಳ ಅರ್ಚಕರಿಗೆ' ಅಂತ ಇನ್ನೊಂದು ಕಡೆ. ಅಸಲಿ ಕಾನೂನು ಪ್ರಶ್ನೆ ಎರಡೂ ಅಲ್ಲ.

ಅದು 1954ರಲ್ಲೇ ನಮ್ಮ ಪಕ್ಕದ ಉಡುಪಿಯ ಶಿರೂರು ಮಠದ ಪ್ರಕರಣದಲ್ಲಿ ಬಂದಿತ್ತು. ಆಗ ಉಡುಪಿ ಮದ್ರಾಸ್ ರಾಜ್ಯದಲ್ಲಿತ್ತು. ಮದ್ರಾಸಿನ 1951ರ ಕಾಯ್ದೆ ಧಾರ್ಮಿಕ ಸಂಸ್ಥೆಗಳ ಆದಾಯದಿಂದ ಶೇ 5ರ ತನಕ ವಂತಿಗೆ ಕೇಳುತ್ತಿತ್ತು. ಧರ್ಮದ ಒಳಗಿನ ವಿಷಯಕ್ಕೆ ಸರ್ಕಾರ ಕೈ ಹಾಕಬಾರದು, ಆಸ್ತಿಯ ಲೆಕ್ಕಪತ್ರ ನೋಡಬಹುದು ಅನ್ನುವ ಪ್ರಸಿದ್ಧ ಮಾತು ಆ ತೀರ್ಪಿನಲ್ಲಿದೆ. ಆದರೆ ವಂತಿಗೆಯ ಸೆಕ್ಷನ್ ಬಿದ್ದದ್ದು ಧಾರ್ಮಿಕ ಸ್ವಾತಂತ್ರ್ಯದ ಕಾರಣಕ್ಕಲ್ಲ! ಅದು ಸೇವೆಗೆ ತೆಗೆದುಕೊಳ್ಳುವ ಶುಲ್ಕ ಅಲ್ಲ, ತೆರಿಗೆ. ಅಂಥ ತೆರಿಗೆ ಹಾಕಲು ರಾಜ್ಯಕ್ಕೆ ಅಧಿಕಾರವಿಲ್ಲ ಎಂದಿತು ಕೋರ್ಟು. ಅಂದರೆ ದೇವಸ್ಥಾನದ ದುಡ್ಡನ್ನು ಉಳಿಸಿದ್ದು ಬೇಲಿ, ದಾರಿ ಅಲ್ಲ. ಈಗಿನ ಸಾಮಾನ್ಯ ನಿಧಿಗೂ ಅದೇ ಪರೀಕ್ಷೆ. ದುಡ್ಡು ದೇವಸ್ಥಾನಗಳಿಗೇ ಖರ್ಚಾದಷ್ಟೂ ಅದಕ್ಕೆ ಕಾನೂನಿನ ಬಲ ಹೆಚ್ಚು. ಸರ್ಕಾರದ ಸಾಮಾನ್ಯ ಖಜಾನೆಗೆ ಹೋದ ದಿನ ಅದು ತೆರಿಗೆಯಾಗುತ್ತದೆ. ಹಾಗಾಗಿ ಯಾರ ಭಾಷಣ ಕೇಳುವುದಕ್ಕಿಂತಲೂ ಆ ನಿಧಿಯ ಖರ್ಚಿನ ಪಟ್ಟಿ ಕೇಳುವುದು ಒಳ್ಳೆಯದು.

ರಾಜ್ಯಪಾಲರ ಬಗ್ಗೆ ಒಂದು ಮಾತು. 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ರಾಷ್ಟ್ರಪತಿಯವರ ಪ್ರಶ್ನೆಗಳಿಗೆ ಉತ್ತರಿಸುತ್ತಾ, ಅಂಕಿತಕ್ಕೆ ಇಂತಿಷ್ಟು ದಿನ ಅಂತ ಕೋರ್ಟು ಗಡುವು ಹಾಕುವಂತಿಲ್ಲ ಎಂದಿತು. ಕಾರಣ ಹೇಳದೆ ಬಹಳ ಕಾಲ ಸುಮ್ಮನೆ ಕೂತರೆ ಮಾತ್ರ, ಏನಾದರೂ ಒಂದು ನಿರ್ಧಾರ ಮಾಡಿ ಅಂತ ಸೂಚಿಸಬಹುದು. ರಾಜ್ಯದ ಪಟ್ಟಿಯಲ್ಲಿ ವಿಷಯ ಇದ್ದರೂ, ಕೊನೆಯ ಸಹಿ ಎಲ್ಲಿ ನಿಲ್ಲುತ್ತದೆ ಅನ್ನೋದು ರಾಜ್ಯದ ಕೈಯಲ್ಲಿಲ್ಲ.

ರಾಜ್ಯಗಳ ಹಕ್ಕು ಎಷ್ಟು ಗಟ್ಟಿ ಅನ್ನೋದಕ್ಕೆ ಕೊಡಗೇ ಉದಾಹರಣೆ. ಸಂಸತ್ತು 3ನೇ ವಿಧಿಯಡಿ ಯಾವ ರಾಜ್ಯವನ್ನಾದರೂ ಒಡೆಯಬಹುದು, ಸೇರಿಸಬಹುದು. ಆ ರಾಜ್ಯದ ಸದನದ ಅಭಿಪ್ರಾಯ ಕೇಳಬೇಕು, ಒಪ್ಪಿಗೆ ಬೇಕಿಲ್ಲ. 1956ರಲ್ಲಿ ಇದ್ದ ಆ ವಿಧಿಯ ಒಕ್ಕಣೆಯಲ್ಲಿ ಅಭಿಪ್ರಾಯ ಕೇಳುವ ಕಡ್ಡಾಯವೂ 'ಎ' ಮತ್ತು 'ಬಿ' ವರ್ಗದ ರಾಜ್ಯಗಳಿಗೆ ಮಾತ್ರ ಇತ್ತು. 'ಸಿ' ವರ್ಗದ ವಿಷಯದಲ್ಲಿ ಸಂಸತ್ತು ರಾಜ್ಯಪಟ್ಟಿಯೊಳಗೂ ಕಾನೂನು ಮಾಡಬಹುದಿತ್ತು. ವಿಲೀನ ಬೇಕೋ ಬೇಡವೋ ಅಂತ ಇಲ್ಲಿ ಜೋರು ಚರ್ಚೆ ನಡೆದಿದ್ದು ನಿಜ. ಆದರೆ ಅದನ್ನು ತಡೆಯುವ ಅಧಿಕಾರ ಮಡಿಕೇರಿಯ ಆ ಸದನಕ್ಕೆ ಇರಲೇ ಇಲ್ಲ.

ಈಗ ಆ ದಾರಿಯ ಅಗಲ ಎಷ್ಟು ಅಂತ ನೋಡೋಣ. 25ನೇ ವಿಧಿ ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯ ಮತ್ತು ಇತರ ಮೂಲಭೂತ ಹಕ್ಕುಗಳಿಗೆ ಒಳಪಟ್ಟು ಧಾರ್ಮಿಕ ಸ್ವಾತಂತ್ರ್ಯ ಕೊಡುತ್ತದೆ. ಇಷ್ಟಕ್ಕೇ ನಿಂತಿದ್ದರೆ ಸರಳವಾಗಿತ್ತು. ಶಿರೂರು ಮಠದ ತೀರ್ಪಿನ ನಂತರ ಕೋರ್ಟುಗಳು ಇನ್ನೊಂದು ಪರೀಕ್ಷೆ ಶುರು ಮಾಡಿದವು. ಒಂದು ಆಚರಣೆ ಆ ಧರ್ಮಕ್ಕೆ 'ಅತ್ಯಗತ್ಯ'ವೋ ಅಲ್ಲವೋ ಅಂತ. 2022ರ ಮಾರ್ಚ್‌ನಲ್ಲಿ ಹಿಜಾಬ್ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟ್ ಹೋದದ್ದೂ ಇದೇ ಹಾದಿಯಲ್ಲಿ. ಅದೇ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಶಬರಿಮಲೆಯ ನಂತರ ಈ ಪರೀಕ್ಷೆಯ ಮರುಚಿಂತನೆ ಒಂಬತ್ತು ನ್ಯಾಯಮೂರ್ತಿಗಳ ಪೀಠದ ಮುಂದೆ ಹೋಯಿತು.

ನನಗೆ ಈ ಪರೀಕ್ಷೆಯೇ ಇಷ್ಟವಿಲ್ಲ. ಯಾಕೆ ಅಂತ ತಿಳಿಯಬೇಕಾದರೆ ಮೇ ತಿಂಗಳಲ್ಲಿ ದೇವರಪುರದ ಕುಂಡೆ ಹಬ್ಬಕ್ಕೆ ಬನ್ನಿ. ಜೇನುಕುರುಬರು, ಯರವರು ಹೆಣ್ಣುವೇಷ, ಚಿತ್ರವಿಚಿತ್ರ ವೇಷ ಹಾಕಿ, ಡಬ್ಬ ಬಡಿಯುತ್ತಾ, ದೇವರನ್ನೇ ಅಶ್ಲೀಲವಾಗಿ ಬೈಯುತ್ತಾ ಬರುತ್ತಾರೆ. ಬೇಟೆಗೆ ಕರೆದುಕೊಂಡು ಹೋದ ಅಯ್ಯಪ್ಪ ತಮ್ಮನ್ನು ಕಾಡಲ್ಲಿ ಬಿಟ್ಟು ಭದ್ರಕಾಳಿಯ ಹಿಂದೆ ಹೋದ ಅನ್ನುವ ಸಿಟ್ಟು ಅದು. ದಾರಿಯಲ್ಲಿ ಸಿಕ್ಕವರ ಹತ್ತಿರ ದುಡ್ಡು ಕೇಳುತ್ತಾರೆ, ಕೊಡದಿದ್ದರೆ ಅವರಿಗೂ ಬೈಗುಳ. ಮಾರನೇ ದಿನ ಎಲ್ಲ ಮಾಮೂಲು.

ಇದನ್ನು ಕೋರ್ಟಿಗೆ ಒಯ್ದರೆ ಏನಾಗುತ್ತದೆ? ಯಾವ ಗ್ರಂಥದಲ್ಲಿದೆ, ಬೈಗುಳ ಇಲ್ಲದಿದ್ದರೆ ಧರ್ಮ ಕುಸಿಯುತ್ತದಾ ಅಂತ ಕೇಳುತ್ತಾರೆ. ಗ್ರಂಥ ಇಲ್ಲ. ಪುರೋಹಿತರ ಸಾಕ್ಷಿ ಇಲ್ಲ. ಪುಸ್ತಕ ಇರುವ ಧರ್ಮ ಪಾಸಾಗುತ್ತದೆ, ಕಾಡಿನವರ ದೇವರು ಫೇಲಾಗುತ್ತಾನೆ. ಇದರ ಬದಲು ನೇರವಾಗಿ, ಇದರಿಂದ ಯಾರಿಗೆ ಏನು ಹಾನಿ, ಆ ಹಾನಿ ತಡೆಯಲು ಎಷ್ಟು ನಿರ್ಬಂಧ ಸಾಕು ಅಂತ ಕೇಳಿದರೆ ಸರ್ಕಾರ ಉತ್ತರ ಹೇಳಬೇಕಾಗುತ್ತದೆ. ಈಗ ಭಕ್ತನೇ ತನ್ನ ಭಕ್ತಿಗೆ ದಾಖಲೆ ಕೊಡಬೇಕು. ಈ ಪ್ರಶ್ನೆಗೆ ಒಂದು ಹಳೆಯ ದಾರಿಯೂ ಇದೆ. 1957ರಲ್ಲಿ ಮೂಲ್ಕಿಯ ವೆಂಕಟರಮಣ ದೇವಸ್ಥಾನದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಯಾರನ್ನು ಒಳಗೆ ಬಿಡಬೇಕು ಅನ್ನೋದು ಧರ್ಮದ ವಿಷಯವೇ ಎಂದು ಒಪ್ಪಿಕೊಂಡೂ, ಎಲ್ಲ ಹಿಂದೂಗಳಿಗೆ ಬಾಗಿಲು ತೆರೆಯುವ ಕಾನೂನನ್ನು ಎತ್ತಿಹಿಡಿಯಿತು. ಪಂಗಡದವರಿಗೆ ಕೆಲವು ವಿಶೇಷ ಸೇವೆಗಳನ್ನು ಉಳಿಸಿತು. ಆಚರಣೆಯನ್ನು ಹೀಗಳೆಯದೆಯೂ ಸಮಾನತೆ ಕಾಪಾಡಬಹುದು ಅಂತ ಆಗಲೇ ಗೊತ್ತಿತ್ತು.

ಕೊನೆಗೆ ದೇವರಕಾಡು. ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ಕೆಲವು ನೂರಾರು ಎಕರೆ, ಕೆಲವು ಕಾಫಿ ತೋಟಗಳ ನಡುವೆ ಉಳಿದ ನಾಲ್ಕು ಮರ. ಹಬ್ಬಕ್ಕೆ ಮುಂಚೆ ಊರಿಗೆ ಕಟ್ಟು ಬೀಳುತ್ತದೆ. ನಿಯಮ ಊರೂರಿಗೆ ಬೇರೆ ಇದ್ದರೂ, ಆ ದಿನಗಳಲ್ಲಿ ಹಸಿಮರ ಕಡಿಯಬಾರದು, ಪ್ರಾಣಿ ಕೊಲ್ಲಬಾರದು ಅನ್ನೋದು ಸಾಮಾನ್ಯ. ನೋಡಿಕೊಳ್ಳುವವರು ತಕ್ಕರು (ಊರಿನ ಪಾರಂಪರಿಕ ಮುಖ್ಯಸ್ಥರು) ಮತ್ತು ಊರಿನ ಒಕ್ಕಗಳು (ಮನೆತನಗಳು). ಸರ್ಕಾರಿ ದಾಖಲೆಯಲ್ಲಿ ಜಾಗ ಅರಣ್ಯ, ಕೀಲಿ ಅರಣ್ಯ ಇಲಾಖೆಯದ್ದು.

ಅರಣ್ಯ ಮೊದಲು ರಾಜ್ಯಪಟ್ಟಿಯಲ್ಲಿತ್ತು. ತುರ್ತು ಪರಿಸ್ಥಿತಿಯ ಕಾಲದ 42ನೇ ತಿದ್ದುಪಡಿ ಅದನ್ನು ಸಮವರ್ತಿ ಪಟ್ಟಿಗೆ ಒಯ್ದಿತು. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅರಣ್ಯ ಜಾಗವನ್ನು ಬೇರೆ ಕೆಲಸಕ್ಕೆ ಬಳಸಲು ದಿಲ್ಲಿಯ ಒಪ್ಪಿಗೆ ಬೇಕು. 2024ರ ಡಿಸೆಂಬರ್‌ನಲ್ಲಿ ರಾಜಸ್ಥಾನದ ಓರಣ್‌ಗಳ ವಿಷಯದಲ್ಲಿ ಸುಪ್ರೀಂ ಕೋರ್ಟ್, ಅಲ್ಲಿನ ದೇವರಕಾಡುಗಳ ಸಮೀಕ್ಷೆ ಮಾಡಿ ವನ್ಯಜೀವಿ ಕಾಯ್ದೆಯಡಿ ಸಮುದಾಯ ಮೀಸಲು ಅಂತ ರಕ್ಷಿಸಲು ಹೇಳಿತು. ದೇಶಕ್ಕೆಲ್ಲ ಒಂದು ನೀತಿ ಮಾಡುವಂತೆ ಕೇಂದ್ರಕ್ಕೂ ಸಲಹೆ ಕೊಟ್ಟಿತು.

ಕೇಳಲು ಚೆನ್ನಾಗಿದೆ. ಆದರೆ ಆ ಕಾಯ್ದೆಯ 36ಸಿ ಸೆಕ್ಷನ್ ಪ್ರಕಾರ ಸಮುದಾಯ ಮೀಸಲು ಆಗುವುದು ಖಾಸಗಿ ಅಥವಾ ಸಮುದಾಯದ ಜಾಗ. ಕೊಡಗಿನ ದೇವರಕಾಡು ದಾಖಲೆಯಲ್ಲಿ ಸರ್ಕಾರದ್ದು. ಅದನ್ನು ದಾಟಿದರೂ, ನಿರ್ವಹಣಾ ಸಮಿತಿಗೆ ಬರುವವರು ಪಂಚಾಯಿತಿ ಹೆಸರಿಸಿದ ಪ್ರತಿನಿಧಿಗಳು. ತಕ್ಕ ಅನ್ನುವ ಮನುಷ್ಯ ಆ ಕಾಯ್ದೆಯಲ್ಲಿ ಇಲ್ಲ.

ತಮ್ಮ ಧಾರ್ಮಿಕ ವ್ಯವಹಾರ ತಾವೇ ನೋಡಿಕೊಳ್ಳುವ ಹಕ್ಕು ಕೊಡುವ 26ನೇ ವಿಧಿ ಹಿಡಿಯೋಣ ಅಂದರೆ, ಅದು ಸಿಗುವುದು 'ಧಾರ್ಮಿಕ ಪಂಗಡ'ಕ್ಕೆ. ಸಮಾನ ನಂಬಿಕೆ, ಒಂದು ಸಂಘಟನೆ, ಪ್ರತ್ಯೇಕ ಹೆಸರು ಇರಬೇಕು ಅಂತ ಕೋರ್ಟು ಹೇಳುತ್ತಾ ಬಂದಿದೆ. ಒಂದು ಊರಿನ ಹತ್ತು ಒಕ್ಕ, ಜೊತೆಗೆ ಅದೇ ದೇವರಿಗೆ ನಡೆದುಕೊಳ್ಳುವ ಅರೆಭಾಷೆ ಗೌಡರು, ಯರವರು ಸೇರಿ ಒಂದು ಪಂಗಡ ಆಗ್ತಾರಾ? ಕಷ್ಟ. ಹಾಗಾಗಿ 2013ರ ನಿಯಮಗಿರಿ ತೀರ್ಪು ನನಗೆ ಹೆಚ್ಚು ಉಪಯುಕ್ತ ಅನಿಸುತ್ತದೆ. ಒಡಿಶಾದ ಆದಿವಾಸಿಗಳಾದ ಡೋಂಗ್ರಿಯಾ ಕೊಂಡರ ಬೆಟ್ಟದಲ್ಲಿ ಗಣಿಗಾರಿಕೆಯಿಂದ ಅವರ ದೇವರ ಹಕ್ಕಿಗೆ ಧಕ್ಕೆ ಬರುತ್ತದಾ ಅಂತ ಗ್ರಾಮಸಭೆಗಳೇ ಹೇಳಲಿ ಎಂದಿತು ಸುಪ್ರೀಂ ಕೋರ್ಟ್. ಹನ್ನೆರಡು ಗ್ರಾಮಸಭೆಗಳೂ ಗಣಿ ಬೇಡ ಎಂದವು. ನಂಬಿಕೆ ಅತ್ಯಗತ್ಯವೋ ಅಲ್ಲವೋ ಅಂತ ದಿಲ್ಲಿಯಲ್ಲಿ ಕೂತು ಯಾರೂ ಅಳೆಯಲಿಲ್ಲ. ಆದರೆ ಆ ತೀರ್ಪು ನಿಂತದ್ದು 2006ರ ಅರಣ್ಯ ಹಕ್ಕು ಕಾಯ್ದೆಯ ಮೇಲೆ. ಅದರ ಲಾಭ ಯರವರಿಗೆ, ಜೇನುಕುರುಬರಿಗೆ ಸುಲಭವಾಗಿ ಸಿಗುತ್ತದೆ. ಮೂರು ತಲೆಮಾರಿನ ವಾಸ ಮತ್ತು ಕಾಡಿನ ಅವಲಂಬನೆಯ ಸಾಕ್ಷ್ಯ ಕೊಡಬೇಕಾದ ಉಳಿದವರಿಗೆ ಅಷ್ಟು ಸುಲಭವಲ್ಲ.

ಇಲ್ಲಿ ರಾಜ್ಯಕ್ಕೆ ನಿಜವಾಗಿ ಜಾಗ ಇದೆ. ಅರಣ್ಯ ಮತ್ತು ಧಾರ್ಮಿಕ ಸಂಸ್ಥೆ ಎರಡೂ ಸಮವರ್ತಿ ಪಟ್ಟಿಯಲ್ಲಿವೆ. ಕೇಂದ್ರ ಕಾಯ್ದೆಗೆ ಎದುರಾಗದ ಹಾಗೆ ದೇವರಕಾಡಿಗೆ ಪ್ರತ್ಯೇಕ ಕಾಯ್ದೆ ಮಾಡಬಹುದು. ಎದುರಾದರೂ ರಾಷ್ಟ್ರಪತಿಯವರ ಅಂಕಿತ ಪಡೆದರೆ 254ನೇ ವಿಧಿಯಡಿ ಈ ರಾಜ್ಯದ ಮಟ್ಟಿಗೆ ಅದು ನಿಲ್ಲುತ್ತದೆ. ತಕ್ಕರನ್ನು, ಒಕ್ಕಗಳನ್ನು, ಆದಿವಾಸಿ ಹಾಡಿಯವರನ್ನು ಸಮಿತಿಯಲ್ಲಿ ಹೆಸರು ಹಿಡಿದು ಸೇರಿಸಬಹುದು. ಜಾಗದ ಒತ್ತುವರಿ ಬಿಡಿಸುವ ಹೊಣೆ ಕಂದಾಯ ಇಲಾಖೆಯದೋ ಅರಣ್ಯ ಇಲಾಖೆಯದೋ ಅಂತ ಒಂದೇ ಸಾಲಿನಲ್ಲಿ ಬರೆಯಬಹುದು. ಹುಂಡಿ, ಮತಾಂತರದ ಹಾಗೆ ಇದರಲ್ಲಿ ವೋಟು ಇಲ್ಲ, ಅದಕ್ಕೇ ಮಸೂದೆಯೂ ಇಲ್ಲ.